ನಿಂಬೆಹಣ್ಣಿನ ಸ್ಥಳ ಪರಿಶೀಲನೆ

ಕಾಶಿರಾಯ ಬರೆದ ರಜೆಯ ಅರ್ಜಿಯಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ತಪ್ಪು ಸಿಗುವಂತಿರಲಿಲ್ಲ. ‘ಮಾನ್ಯರೇ’ ಇರಬೇಕಾದಲ್ಲಿ ಮಾನ್ಯರೇ ಇತ್ತು, ‘ತಮ್ಮ ವಿಶ್ವಾಸಿ’ ಇರಬೇಕಾದಲ್ಲಿ ತಮ್ಮ ವಿಶ್ವಾಸಿ ಇತ್ತು, ಸಹಿಯ ಕೆಳಗೆ ಎರಡು ಗೆರೆಗಳೂ ಇದ್ದವು. ನಡುವಿನ ಒಂದು ಸಾಲು ಮಾತ್ರ ಎಡವಟ್ಟು ಮಾಡಿತು. ‘ಈ ದಿನ ಪಂಚಮಿಯ ಕರಿಯಂದು ಕಮಲಾಪುರದಲ್ಲಿ ನಡೆಯುವ ನಿಂಬೆಹಣ್ಣು ಎಸೆಯುವ ಕ್ರೀಡೆಯಲ್ಲಿ ನಾನು ಭಾಗವಹಿಸಬೇಕಾಗಿರುವುದರಿಂದ, ಕ್ರೀಡಾಪಟುಗಳಿಗೆ ಕೊಡುವ ವಿಶೇಷ ರಜೆಯನ್ನು ಒಂದು ದಿನದ ಮಟ್ಟಿಗೆ ದಯಪಾಲಿಸಬೇಕು’ ಎಂದು ಅವನು ಬರೆದಿದ್ದ.

ಕಲಬುರಗಿಯ ಜಗತ್ ಸರ್ಕಲ್ಲಿಗೆ ಹತ್ತಿರದ ಒಂದು ಸರಕಾರಿ ಕಚೇರಿಯ ಮಹಡಿಯ ಮೇಲೆ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ, ವ್ಯವಸ್ಥಾಪಕ ದೌಲಪ್ಪನವರು ಆ ಸಾಲನ್ನು ಕನ್ನಡಕ ಹಾಕಿಕೊಂಡು ಒಮ್ಮೆ ಓದಿದರು, ತೆಗೆದು ಇನ್ನೊಮ್ಮೆ ಓದಿದರು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅವರು ಪ್ರಶ್ನೆ ಕೇಳದೆ ಯಾರಿಗೂ ರಜೆ ಕೊಟ್ಟವರಲ್ಲ. ತಮ್ಮ ಸ್ವಂತ ಮದುವೆಯ ರಜೆಯ ಅರ್ಜಿಯ ಮೇಲೂ ‘ಕಾರಣ ಸ್ಪಷ್ಟವಾಗಿಲ್ಲ’ ಎಂದು ತಾವೇ ಬರೆದುಕೊಂಡಿದ್ದರೆಂದು ಕಚೇರಿಯಲ್ಲಿ ಒಂದು ಮಾತಿತ್ತು.

ನಿಂಬೆಹಣ್ಣು ಎಸೆಯುವುದೆಂದರೇನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ನಾಗರ ಪಂಚಮಿಯ ಮರುದಿನ ಇಬ್ಬರು ಗಂಡಸರು ಒಂದೊಂದು ನಿಂಬೆಹಣ್ಣು ಹಿಡಿದು ನಿಲ್ಲುತ್ತಾರೆ. ಬಲವಿದ್ದಷ್ಟು ದೂರ ಎಸೆಯುತ್ತಾರೆ. ಹಣ್ಣು ಹೋಗಿ ಎಲ್ಲಿ ನಿಂತಿತೋ ಅಲ್ಲಿಂದ ಮತ್ತೆ ಎಸೆಯುತ್ತಾರೆ. ಗೊತ್ತು ಮಾಡಿದ ಜಾಗವನ್ನು ಕಡಿಮೆ ಎಸೆತದಲ್ಲಿ ಮುಟ್ಟಿದವನು ಗೆದ್ದ. ಇದರಿಂದ ಲೋಕಕ್ಕೆ ಉಪಯೋಗವಿಲ್ಲ, ನಿಂಬೆಹಣ್ಣಿಗಂತೂ ಇಲ್ಲವೇ ಇಲ್ಲ. ಆದರೂ ಸೋತವನು ವರ್ಷವಿಡೀ ತಲೆ ತಗ್ಗಿಸಿ ತಿರುಗಬೇಕಾಗುತ್ತದೆ.

ಕಮಲಾಪುರದಲ್ಲಿ ಕಾಶಿರಾಯನ ಮಾವನ ಮನೆಯಿರುವ ಓಣಿಯಲ್ಲಂತೂ ತಲೆ ತಗ್ಗಿಸಿದರೆ ಸಾಲದು. ಸೋತವನು ಬೇವಿನಮರಕ್ಕೆ ಕಟ್ಟಿದ ಪಂಚಮಿಯ ಜೋಕಾಲಿಯಲ್ಲಿ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಒಬ್ಬೊಬ್ಬರಂತೆ ಕೂರಿಸಿ, ತಲೆಗೆ ಐವತ್ತರಂತೆ ತೂಗಬೇಕು. ಹೆಂಡತಿಯ ತಮ್ಮ ಮಾಳಿಂಗನ ಎದುರು ಕಾಶಿರಾಯ ಮೂರು ವರ್ಷ ಸತತ ಸೋತಿದ್ದ. ಹೋದ ವರ್ಷ ಅತ್ತೆಯೊಬ್ಬರನ್ನು ಬಿಟ್ಟು ಮೂವತ್ತು ಜನರನ್ನು ತೂಗಿ ಬಂದವನಿಗೆ ಎಂಟು ದಿನ ಕೈ ಮೇಲಕ್ಕೇಳಲಿಲ್ಲ. ತುತ್ತು ಬಾಯಿಗೆ ಹೋಗುವ ಬದಲು ಬಾಯೇ ತುತ್ತಿನ ಬಳಿಗೆ ಇಳಿದು ಬರಬೇಕಾಯಿತು. ಈ ಸಲ ಹೇಗಾದರೂ ಗೆಲ್ಲಲೇಬೇಕೆಂದು ಅವನು ಎರಡು ತಿಂಗಳಿಂದ ಮನೆಯ ತಾರಸಿಯ ಮೇಲೆ ಈರುಳ್ಳಿ ಎಸೆದು ಅಭ್ಯಾಸ ಮಾಡಿದ್ದ.

ತೊಡಕು ಇದ್ದದ್ದು ರಜೆಯಲ್ಲಿ. ವರ್ಷದ ರಜೆಯೆಲ್ಲ ಆಗಲೇ ಮುಗಿದಿತ್ತು. ಕೋಟನೂರಿನ ನೆಂಟರ ಮದುವೆಗೆ ಒಂದು ದಿನ, ಆ ಮದುವೆಯ ಊಟ ಒಗ್ಗದೆ ಮೂರು ದಿನ, ಹೀಗೇ ಸೋರಿ ಹೋಗಿತ್ತು. ಹೇಳದೆ ಹೋದರೆ ಗೈರುಹಾಜರಿ. ಹನ್ನೊಂದು ವರ್ಷ ಕಾದ ಮೇಲೆ ಅವನ ಮುಂಬಡ್ತಿಯ ಕಡತ ಈಗಷ್ಟೇ ದೌಲಪ್ಪನವರ ಮೇಜಿಗೆ ಬಂದಿತ್ತು, ಒಂದು ಗೈರುಹಾಜರಿ ಬಿದ್ದರೆ ಅದು ಮತ್ತೆ ಕಪಾಟು ಸೇರುತ್ತಿತ್ತು. ಹೋಗದಿದ್ದರೆ ಅಂಜಿ ಓಡಿಹೋದನೆಂದು ಮಾಳಿಂಗ ಊರೆಲ್ಲ ಸಾರುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಆಗ ಅವನ ಕಣ್ಣಿಗೆ ಬಿದ್ದವಳು ಟೈಪಿಸ್ಟ್ ಮೆಹರೀನ್. ನೌಕರರ ಕ್ರೀಡಾಕೂಟದಲ್ಲಿ ಕ್ಯಾರಂ ಆಡಲು ಅವಳಿಗೆ ಪ್ರತಿ ವರ್ಷ ವಿಶೇಷ ರಜೆ ಸಿಗುತ್ತಿತ್ತು. ಒಂದು ಬೆರಳು ಅಲ್ಲಾಡಿಸಿದರೆ ರಜೆ ಸಿಗುವುದಾದರೆ ಇಡೀ ತೋಳು ಬೀಸಿದವನಿಗೆ ಯಾಕೆ ಸಿಗಬಾರದೆಂಬುದು ಕಾಶಿರಾಯನ ತರ್ಕ.

“ಕಾಶಿರಾಯ,” ಎಂದರು ದೌಲಪ್ಪ, “ಇದು ಕ್ರೀಡಾ ಅದನೋ, ಆಟ ಅದನೋ?”

“ಎರಡೂ ಒಂದೇ ಅಲ್ಲೇನ್ರೀ ಸಾಹೇಬ್ರ?”

“ಹಂಗಂದ್ರ ನಾಳಿ ಕಣ್ಣಮುಚ್ಚಾಲಿ ಆಡವ್ರೂ ರಜಾ ಕೇಳ್ತಾರ. ಸುತ್ತೋಲ್ಯಾಗ ಕ್ರೀಡಾಕ್ಕ ರಜಾ ಅಂತ ಅದ. ಯಾವುದು ಕ್ರೀಡಾ ಅಂತ ಬರ್ದಿಲ್ಲ. ಅದನ್ನ ನಾವೇ ಗೊತ್ತ ಮಾಡ್ಬೇಕಾಗ್ತದ.”

ಇಷ್ಟು ಮಾತು ಕಿವಿಗೆ ಬಿದ್ದದ್ದೇ ಕಚೇರಿಯ ಕೆಲಸ ನಿಂತಿತು. ಹಾಗೆ ನೋಡಿದರೆ ಅದು ಶುರುವಾಗಿರಲೂ ಇಲ್ಲ. ಬೆವರು ಬಂದರೆ ಕ್ರೀಡೆ, ಬರದಿದ್ದರೆ ಆಟ ಎಂದು ಒಬ್ಬರು ಹೇಳಿದರು. ಹಾಗಾದರೆ ಕಲಬುರಗಿಯ ಬೇಸಿಗೆಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದೂ ಕ್ರೀಡೆಯೇ ಎಂದು ಇನ್ನೊಬ್ಬರು ಕೊಕ್ಕೆ ಹಾಕಿದರು. ಟಿವಿಯಲ್ಲಿ ಬಂದರೆ ಕ್ರೀಡೆ, ಓಣಿಯಲ್ಲಿ ನಡೆದರೆ ಆಟ ಎಂದು ಮೂರನೆಯವರು ತೀರ್ಮಾನಿಸಿದರು. ಕ್ಯಾರಂ ವಿಷಯಕ್ಕೆ ಬಂದಾಗ ಮೆಹರೀನ್‌ಗೆ ಸಿಟ್ಟು ಬಂತು. ಪಂದ್ಯ ಆಡಿ ಆಡಿ ಬೆರಳು ಬಾತು ತಾನು ನಾಲ್ಕು ದಿನ ಚಮಚದಲ್ಲಿ ಊಟ ಮಾಡಿದ್ದೇನೆ, ನೋವಿಲ್ಲದೆ ಕ್ರೀಡೆಯಿಲ್ಲ ಎಂದಳು. ಕಾಶಿರಾಯ ತನ್ನ ಹೋದ ವರ್ಷದ ಎಂಟು ದಿನಗಳನ್ನು ನೆನಪಿಸಿಕೊಂಡು ಜೋರಾಗಿ ತಲೆಯಾಡಿಸಿದ.

ದೌಲಪ್ಪ ಎಲ್ಲರ ಮಾತನ್ನೂ ಕೇಳಿ, ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತರು.

“ಇಲ್ಲಿ ಕೂತು ಮಾತಾಡಿದ್ರ ಇದು ತೀರಂಗಿಲ್ಲ. ಸ್ಥಳ ಪರಿಶೀಲನಾ ಮಾಡ್ಬೇಕು. ನಡಿ, ನಾನೂ ಬರ್ತೇನಿ. ಕ್ರೀಡಾ ಅಂತ ಸಾಬೀತಾದ್ರ ಅಲ್ಲೇ ರಜಾ ಮಂಜೂರು. ಆಟ ಅಂತಾದ್ರ ಹತ್ತು ಗಂಟಿಯಿಂದ ಗೈರುಹಾಜರಿ.”

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು. ಕಾಶಿರಾಯ ಬೇಡವೆನ್ನುವಂತಿರಲಿಲ್ಲ. ದೌಲಪ್ಪ ಕಪಾಟಿನಿಂದ ಒಂದು ವಹಿ, ಅಳತೆಯ ಟೇಪು, ಕೆಂಪು ಶಾಯಿಯ ಪೆನ್ನು ತೆಗೆದುಕೊಂಡರು. ಕೊನೆಗೆ ಒಂದು ದೊಡ್ಡ ಬಟ್ಟೆಯ ಚೀಲವನ್ನೂ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಪರಿಶೀಲನೆಗೆ ಖಾಲಿ ಚೀಲ ಯಾಕೆಂದು ಯಾರೂ ಕೇಳಲಿಲ್ಲ. ಕಮಲಾಪುರದ ಕೆಂಬಾಳೆಹಣ್ಣಿನ ರುಚಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಹುಮನಾಬಾದ್ ಕಡೆಯ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಕಾಶಿರಾಯ ನಿಂಬೆಹಣ್ಣಿನ ಪರವಾಗಿ ವಾದ ಮಾಡಿದ. ನಿಯಮವಿದೆ, ಗುರಿಯಿದೆ, ಗೆಲುವಿದೆ, ಸೋಲಿದೆ, ಸೋತವನಿಗೆ ಶಿಕ್ಷೆಯೂ ಇದೆ ಎಂದ. ಕಬ್ಬಿಣದ ಗುಂಡು ಎಸೆದವನಿಗೆ ಪದಕ ಕೊಡುವ ಲೋಕ ಹಣ್ಣು ಎಸೆದವನನ್ನು ಯಾಕೆ ಹೀನಾಯವಾಗಿ ನೋಡಬೇಕೆಂದು ಕೇಳಿದ.

“ಗುಂಡಿನಿಂದ ಉಪ್ಪಿನಕಾಯಿ ಹಾಕ್ಲಿಕ್ಕಿ ಬರ್ತದೇನು?” ಎಂದರು ದೌಲಪ್ಪ.

ಅಷ್ಟರಲ್ಲಿ ಬಸ್ಸಿನಲ್ಲಿದ್ದವರೂ ಮಾತಿಗೆ ಸೇರಿಕೊಂಡರು. ಹಿಂದಿನ ಸೀಟಿನ ಮುದುಕಿ, ತಾನು ಐವತ್ತು ವರ್ಷದಿಂದ ಜೋಳ ಕೇರುತ್ತಿದ್ದೇನೆ, ಅದಕ್ಕೂ ಪದಕ ಇದೆಯೇ ಎಂದು ವಿಚಾರಿಸಿದಳು. ಕಂಡಕ್ಟರ್ ಮಾತ್ರ, ತುಂಬಿದ ಬಸ್ಸಿನಲ್ಲಿ ಮುಂದಿನಿಂದ ಹಿಂದಿನ ಬಾಗಿಲ ತನಕ ಹೋಗಿ ಬರುವುದಕ್ಕಿಂತ ದೊಡ್ಡ ಕ್ರೀಡೆ ಭೂಮಿಯ ಮೇಲಿಲ್ಲ ಎಂದು ಹೇಳಿ ಚರ್ಚೆಯನ್ನು ಮುಗಿಸಿದ. ದೌಲಪ್ಪ ಎಲ್ಲವನ್ನೂ ವಹಿಯಲ್ಲಿ ಗುರುತು ಹಾಕಿಕೊಂಡರು. ಕ್ರೀಡೆಯಾದರೆ ತೀರ್ಪುಗಾರ ಬೇಕು, ಸೀಟಿ ಬೇಕು, ಗೆರೆ ಬೇಕು, ಸಮವಸ್ತ್ರ ಬೇಕು ಎಂದು ಅವರು ಬೆರಳು ಮಡಚಿ ಎಣಿಸತೊಡಗಿದಾಗ ಕಾಶಿರಾಯ ಮೆಲ್ಲನೆ ಎದ್ದು ಹಿಂದಿನ ಬಾಗಿಲಿಗೆ ಹೋಗಿ ಹೆಂಡತಿ ರಾಜೇಶ್ರೀಗೆ ಫೋನು ಹಚ್ಚಿದ. ಇವತ್ತಿನ ಪಂದ್ಯ ಆಟದ ಹಾಗೆ ಕಾಣಬಾರದು, ಒಬ್ಬರೂ ನಗಬಾರದು ಎಂದು ಪಿಸುಗುಟ್ಟಿ, ಬೇಕಾದ ಸಾಮಾನುಗಳ ಪಟ್ಟಿ ಹೇಳಿದ.

ರಾಜೇಶ್ರೀ ಹೇಳಿದ್ದಕ್ಕಿಂತ ಹೆಚ್ಚೇ ಮಾಡಿಸಿದ್ದಳು. ಓಣಿಯ ಬೇವಿನಮರದ ಕೆಳಗೆ ಗೆರೆ ಎಳೆಯಿರಿ ಎಂದರೆ ಹೆಂಗಸರು ಬಣ್ಣ ತುಂಬಿದ ರಂಗೋಲಿಯನ್ನೇ ಬಿಡಿಸಿದ್ದರು. ನಡುವೆ ನಾಗಪ್ಪ ಹೆಡೆಯೆತ್ತಿ ಕುಳಿತಿದ್ದ. ಔಷಧದ ಪೆಟ್ಟಿಗೆಯ ಬದಲು ಶೇಂಗಾ ಉಂಡಿಯ ಡಬ್ಬಿಯ ಮೇಲೆ ಕುಂಕುಮದಿಂದ ಕೆಂಪು ಗುರುತು ಬರೆದಿಟ್ಟಿದ್ದರು. ಸಮವಸ್ತ್ರವೆಂದು ಸಿಕ್ಕಿದ್ದು ನೆರೆಮನೆಯ ಮಗುವಿನ ಶಾಲೆಯ ಕೆಂಪು ಅಂಗಿ. ಅದರೊಳಗೆ ಕಾಶಿರಾಯ ಹೇಗೋ ನುಸುಳಿದ, ಆದರೆ ನುಸುಳಿದ ಮೇಲೆ ಕೈ ಎತ್ತಲಾಗದೆ ಬೊಂಬೆಯಂತೆ ನಿಂತ. ತೀರ್ಪುಗಾರರಿಗೆ ಮಾತ್ರ ಕೊರತೆಯಿರಲಿಲ್ಲ. ಓಣಿಯ ಹಿರಿಯಜ್ಜ ಅಣವೀರಪ್ಪ ಮುತ್ಯಾ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾದರೂ ಸೀಟಿಯನ್ನು ಕೊರಳಿನಿಂದ ತೆಗೆದಿರಲಿಲ್ಲ.

ಆಗ ಮಾಳಿಂಗ ಬಂದ. ಬಂದವನು ದೌಲಪ್ಪನವರನ್ನು ಕಂಡು ಬೇವಿನಮರದ ಹಿಂದೆ ಸರಿದ. ಅವನೂ ಅದೇ ಇಲಾಖೆಯ ಕಮಲಾಪುರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಅಲ್ಲಿಯವರ ರಜೆಯೂ ದೌಲಪ್ಪನವರ ಮೇಜಿಗೇ ಬರುತ್ತಿತ್ತು. ಆ ದಿನ ಬೆಳಿಗ್ಗೆ ವಿಪರೀತ ಹೊಟ್ಟೆನೋವೆಂದು ಫೋನಿನಲ್ಲಿ ನರಳಿ, ಆಮೇಲೆ ಹನ್ನೊಂದು ಉಂಡಿ ತಿಂದು ಬಂದಿದ್ದ. ಮರ ಸಣ್ಣದಿತ್ತು, ಮಾಳಿಂಗ ದೊಡ್ಡವನಿದ್ದ. ದೌಲಪ್ಪ ಅವನ ಹೆಸರನ್ನೂ ಕೆಂಪು ಶಾಯಿಯಲ್ಲಿ ಬರೆದುಕೊಂಡು, ಕ್ರೀಡೆಯೆಂದು ಸಾಬೀತಾದರೆ ಅವನಿಗೂ ರಜೆ, ಇಲ್ಲವಾದರೆ ಅವನದೂ ಗೈರುಹಾಜರಿಯೇ ಎಂದರು. ಮೂರು ವರ್ಷದಲ್ಲಿ ಮೊದಲ ಸಲ ಭಾವ ಮೈದುನರಿಬ್ಬರೂ ಒಂದೇ ದೇವರಿಗೆ ಕೈ ಮುಗಿದರು.

ಓಣಿಯಿಂದ ಹೊಲದ ದಾರಿ ಹಿಡಿದು ಕೆಂಬಾಳೆಯ ತೋಟದ ಬಾವಿಯ ಕಟ್ಟೆ ಮುಟ್ಟಬೇಕು. ಸುಮಾರು ಒಂದು ಕಿಲೋಮೀಟರು. ಮಾಳಿಂಗ ಇದನ್ನು ಹದಿನೇಳು ಎಸೆತದಲ್ಲಿ ಮುಗಿಸುತ್ತಿದ್ದ, ಕಾಶಿರಾಯ ಇಪ್ಪತ್ತರ ಕೆಳಗೆ ಎಂದೂ ಇಳಿದವನಲ್ಲ. ಮುತ್ಯಾ ಎರಡು ಸಲ ಸೀಟಿ ಊದಿದರು. ಮಾಳಿಂಗನ ಹಣ್ಣು ಗುಂಯ್ ಎಂದು ಹೋಗಿ ದೂರದಲ್ಲಿ ಪುಟಿಯಿತು. ಕಾಶಿರಾಯ ಬೀಸಿದಾಗ ಮೊದಲು ಅಂಗಿಯ ಕಂಕುಳು ಹರಿಯಿತು, ಆಮೇಲೆ ಹಣ್ಣು ಹೊರಟಿತು.

ಶ್ರಾವಣದ ಜಿಟಿಜಿಟಿಗೆ ಕಪ್ಪು ನೆಲ ನೆನೆದಿತ್ತು. ಕಾಶಿರಾಯನ ಎರಡನೆಯ ಎಸೆತದ ಹಣ್ಣು ಉರುಳುವ ಬದಲು ನೆಲದೊಳಗೆ ಇಳಿಯಿತು. ಅದನ್ನು ಶೇಂಗಾ ಕಿತ್ತಂತೆ ಕಿತ್ತು ತೆಗೆಯಬೇಕಾಯಿತು. ನಾಲ್ಕನೆಯದನ್ನು ಮೇಯುತ್ತಿದ್ದ ಎಮ್ಮೆಯೊಂದು ಬಾಯಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ನಲವತ್ತು ಹೆಜ್ಜೆ ಹಿಂದಕ್ಕೆ ನಡೆಯಿತು. ಹುಳಿ ತಾಗಿ ಅದು ಉಗುಳಿದ ಜಾಗದಿಂದಲೇ ಎಸೆಯಬೇಕೆಂದು ಮುತ್ಯಾ ಹೇಳಿದರು. ಹಣ್ಣು ಎಲ್ಲಿ ನಿಂತಿತೋ ಅಲ್ಲಿಂದ, ಅದು ಹೇಗೆ ಹೋಯಿತೆಂದು ಕೇಳಬಾರದು, ಅಜ್ಜನ ಕಾಲದಿಂದ ಇರುವ ಕಾಯಿದೆ ಇದೊಂದೇ ಎಂದರು. ದೌಲಪ್ಪ ಟೇಪು ಹಿಡಿದು ಎಮ್ಮೆಯಿಂದ ಗೆರೆಯ ತನಕ ಅಳೆದರು. ಎಂಟು ಎಸೆತ ಮುಗಿದಾಗ ಮಾಳಿಂಗ ಅರ್ಧ ದಾರಿಯಲ್ಲಿದ್ದ, ಕಾಶಿರಾಯನಿಗೆ ಓಣಿಯ ರಂಗೋಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಒಂಬತ್ತನೆಯದನ್ನು ಅವನು ಕಣ್ಣು ಮುಚ್ಚಿ ಎಸೆದ. ಸಿಟ್ಟು, ಈರುಳ್ಳಿಯ ಅಭ್ಯಾಸ, ಮೂರು ವರ್ಷದ ಅವಮಾನ ಎಲ್ಲ ಸೇರಿ ಹಣ್ಣು ಆಕಾಶಕ್ಕೆ ಹೋಯಿತು. ಇಳಿಯುವಾಗ ಅದು ನೆಲಕ್ಕೆ ಇಳಿಯಲಿಲ್ಲ. ತಿಪ್ಪೆಗೊಬ್ಬರ ತುಂಬಿಕೊಂಡು ಅಡ್ಡದಾರಿಯಿಂದ ಬಂದ ಟ್ರ್ಯಾಕ್ಟರಿನ ಟ್ರಾಲಿಯೊಳಗೆ ಬಿತ್ತು.

ಓಣಿಗೆ ಓಣಿಯೇ ಟ್ರ್ಯಾಕ್ಟರಿನ ಹಿಂದೆ ಓಡಿತು. ಇಷ್ಟು ಜನ ಕೂಗುತ್ತ ಬೆನ್ನಟ್ಟಿ ಬರುವುದನ್ನು ಕಂಡು, ತಾನು ಯಾರದೋ ಕುರಿಯ ಮೇಲೆ ಹಾಯಿಸಿರಬೇಕೆಂದು ಹೆದರಿದ ಚಾಲಕ ಇನ್ನಷ್ಟು ಜೋರಾಗಿ ಓಡಿಸಿದ. ನಿಂತದ್ದು ಕೆಂಬಾಳೆಯ ತೋಟದಲ್ಲೇ. ನಿಂತವನು ರೂಢಿಯಂತೆ ಟ್ರಾಲಿಯನ್ನು ಎತ್ತಿ ಗೊಬ್ಬರ ಸುರಿದ. ಗೊಬ್ಬರದ ಜೊತೆ ನಿಂಬೆಹಣ್ಣು ಉರುಳಿ ಬಂದು, ಯಾರೋ ಕೈಯಾರೆ ಇಟ್ಟಂತೆ, ಬಾವಿಯ ಕಟ್ಟೆಗೆ ತಾಗಿ ನಿಂತಿತು. ಏದುಸಿರು ಬಿಡುತ್ತ ಬಂದ ಅಣವೀರಪ್ಪ ಮುತ್ಯಾ ಹಣ್ಣನ್ನು ನೋಡಿದರು, ಕಟ್ಟೆಯನ್ನು ನೋಡಿದರು, ಉದ್ದನೆಯ ಸೀಟಿ ಊದಿದರು. ಒಂಬತ್ತೇ ಎಸೆತ! ಕಮಲಾಪುರದಲ್ಲಿ ಹಿಂದೆಂದೂ ಕಂಡಿರದ ದಾಖಲೆ.

ಜನ ಕಾಶಿರಾಯನನ್ನು ಹೆಗಲ ಮೇಲೆ ಎತ್ತಿದರು. ತಲೆಗೆ ಹಳದಿ ರುಮಾಲು ಸುತ್ತಿದರು. ರಾಜೇಶ್ರೀ ದೂರದಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಅವನು ಮೇಲಿನಿಂದಲೇ ಕಂಡ. ಅವನಿಗೆ ತುಂಬ ಸಂತೋಷವಾಯಿತು. ಮದುವೆಯ ದಿನವೂ ಇಷ್ಟು ಆಗಿರಲಿಲ್ಲ, ಅಂದು ಅವನಿಗೆ ಬೂಟು ಕಚ್ಚುತ್ತಿತ್ತು.

ದೌಲಪ್ಪ ಬಾವಿಯ ಕಟ್ಟೆಯ ಮೇಲೆ ಕುಳಿತು ಮೂರು ಕೆಂಬಾಳೆಹಣ್ಣುಗಳನ್ನು ನಿಧಾನವಾಗಿ ಪರಿಶೀಲಿಸಿದರು. ನಾಲ್ಕನೆಯದನ್ನು ಸುಲಿಯುತ್ತ ಕಾಶಿರಾಯನನ್ನು ಕರೆದರು.

“ಗೆದ್ದವರು ಯಾರು?”

“ನಾನೇ ರೀ ಸಾಹೇಬ್ರ.”

“ಅಲ್ಲ. ಟ್ರ್ಯಾಕ್ಟರ್. ನೋಡು ಕಾಶಿರಾಯ, ನಾ ಮುಂಜಾನಿಯಿಂದ ಇದನ್ನೇ ವಿಚಾರ ಮಾಡಾಕತ್ತೀನಿ. ಮೈ ದುಡದು ಗೆದ್ರ ಅದು ಕ್ರೀಡಾ. ನಸೀಬು ದುಡದು ಗೆದ್ರ ಅದು ಆಟ. ನಿಂದು ಆಟ.”

ಕಾಶಿರಾಯನ ರುಮಾಲು ಕಣ್ಣಿನ ಮೇಲೆ ಜಾರಿತು. ಹಾಗಾದರೆ ಆ ಒಂಬತ್ತನೆಯ ಎಸೆತ ಬೇಡ, ಅದನ್ನು ಬಿಟ್ಟು ಮತ್ತೆ ಎಸೆಯುತ್ತೇನೆ, ಬೇಕಾದರೆ ಸೋಲುತ್ತೇನೆ ಎಂದು ಅವನು ಮುತ್ಯಾನ ಕಾಲು ಹಿಡಿಯಲು ಹೋದ. ಮುತ್ಯಾ ಒಪ್ಪಲಿಲ್ಲ.

“ಸೀಟಿ ಹೊಡದ ಮ್ಯಾಲ ಬಸ್ ಹಿಂದಕ್ಕ ಬರಂಗಿಲ್ಲಪ್ಪ. ನೀ ಗೆದ್ದಿ ಅಂದ್ರ ಗೆದ್ದಿ. ಯಾರೂ ತಪ್ಪಿಸ್ಲಿಕ್ಕಿ ಆಗಂಗಿಲ್ಲ.”

ಹೀಗೆ ಗೆದ್ದವನನ್ನು ಬಲವಂತವಾಗಿ ಗೆಲ್ಲಿಸಿಕೊಂಡೇ ಮೆರವಣಿಗೆ ಓಣಿಗೆ ಮರಳಿತು. ಗೈರುಹಾಜರಿ ಬಿದ್ದರೂ ಮಾಳಿಂಗ ಜೋಕಾಲಿ ತೂಗುವುದನ್ನಾದರೂ ಕಣ್ತುಂಬ ನೋಡೋಣವೆಂದು ಕಾಶಿರಾಯ ಮನ ಗಟ್ಟಿ ಮಾಡಿಕೊಂಡು ಹೊರಸಿನ ಮೇಲೆ ಕುಳಿತ. ಮಗ್ಗುಲಲ್ಲಿ ದೌಲಪ್ಪ ಉಂಡಿಯ ತಟ್ಟೆ ಹಿಡಿದು ಕುಳಿತರು. ಹೆಣ್ಣುಮಕ್ಕಳು ಸಾಲುಗಟ್ಟಿದರು. ಒಟ್ಟು ಮೂವತ್ತೊಂದು ಜನ. ಮಾಳಿಂಗ ಮುಖ ಸಣ್ಣಗೆ ಮಾಡಿಕೊಂಡು ತೂಗತೊಡಗಿದ. ಹೆಂಗಸರು ಒಕ್ಕೊರಲಿನಿಂದ ಎಣಿಸಿದರು. ಒಂದು ತೂಗು ಸಣ್ಣದಾದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆರನೆಯವಳು ಇಳಿಯುವ ಹೊತ್ತಿಗೆ ಅವನ ಅಂಗಿಯಿಂದ ನೀರು ಹಿಂಡಬಹುದಾಗಿತ್ತು.

ದೌಲಪ್ಪ ಬಾಯಿಗೆ ಒಯ್ಯುತ್ತಿದ್ದ ಉಂಡಿಯನ್ನು ತಟ್ಟೆಗೆ ಹಾಕಿದರು. ವಹಿ ತೆರೆದರು. ನಿಯಮವಿದೆ, ಎಣಿಕೆಯಿದೆ, ಕಟ್ಟುನಿಟ್ಟಾದ ತೀರ್ಪುಗಾರರಿದ್ದಾರೆ, ಬೆವರಿದೆ, ನೋವಿದೆ. ಇದರಲ್ಲಿ ಟ್ರ್ಯಾಕ್ಟರಿಗೆ ಕೆಲಸವಿಲ್ಲ. ಅವರು ಎದ್ದು ನಿಂತು ಕೆಂಪು ಪೆನ್ನು ತೆಗೆದರು.

“ಇದು ಕ್ರೀಡಾ. ಮಾಳಿಂಗ, ನಿನಗ ವಿಶೇಷ ರಜಾ ಮಂಜೂರು ಆತು. ಒಬ್ಬರನ್ನ ಪೂರ್ತಿ ಐವತ್ತು ತೂಗಿದ್ರೂ ಸಾಕು, ಅಂವ ಕ್ರೀಡಾಪಟು.”

ಮಾಳಿಂಗನ ಬೆನ್ನು ನೆಟ್ಟಗಾಯಿತು. ಎರಡು ನಿಮಿಷದ ಹಿಂದೆ ಸೋತ ಮುಖ ಹೊತ್ತಿದ್ದವನು ಕೊರಳಿಗೆ ಟವೆಲ್ಲು ಹಾಕಿಕೊಂಡ, ನಿಂಬೆಹಣ್ಣಿನ ಪಾನಕ ತರಿಸಿಕೊಂಡ, ಕಾಲು ಅಗಲಿಸಿ ನಿಂತು ಮುಂದಿನವಳನ್ನು ಕರೆದ. ಇತ್ತ ಕಾಶಿರಾಯ ರುಮಾಲನ್ನು ಕಿತ್ತೊಗೆದು ಜೋಕಾಲಿಯ ಬಳಿಗೆ ಓಡಿದ. ತಾನೂ ತೂಗುತ್ತೇನೆ, ಒಬ್ಬಳನ್ನಾದರೂ ಬಿಡು ಎಂದು ಅಂಗಲಾಚಿದ.

“ನೀ ಗೆದ್ದಿ ಮಾಮಾ, ಆರಾಮ ಕೂಡು,” ಎಂದ ಮಾಳಿಂಗ. “ಇದು ಸೋತವರ ಹಕ್ಕು.”

ಹೆಂಗಸರೂ ಮಾಳಿಂಗನ ಪರ ನಿಂತರು. ಗೆದ್ದವನ ಕೈಯಿಂದ ತೂಗಿಸಿಕೊಂಡರೆ ಮುಂದಿನ ಪಂಚಮಿಗೆ ಮಳೆ ಬರುವುದಿಲ್ಲವೆಂದು ಒಬ್ಬಳು ಆಗಿಂದಾಗಲೇ ಒಂದು ಶಾಸ್ತ್ರ ಹುಟ್ಟಿಸಿದಳು. ಕಾಶಿರಾಯ ಹಗ್ಗ ಹಿಡಿದ, ಮಾಳಿಂಗ ಬಿಡಿಸಿದ. ರಾಜೇಶ್ರೀಯನ್ನಾದರೂ ತನಗೆ ಬಿಡಿ, ಅವಳು ನನ್ನ ಹೆಂಡತಿ ಎಂದ. ಅವಳನ್ನು ಮಾಳಿಂಗ ಮೂರನೆಯವಳಾಗಿಯೇ ತೂಗಿ ಮುಗಿಸಿದ್ದ. ಒಮ್ಮೆ ತೂಗಿದವರನ್ನು ಮತ್ತೆ ತೂಗಿದರೆ ದಾಖಲೆ ಕೆಡುತ್ತದೆಂದು ದೌಲಪ್ಪ ಹೇಳಿದರು. ಹನ್ನೆರಡು, ಇಪ್ಪತ್ತು, ಇಪ್ಪತ್ತೆಂಟು ಎಂದು ಸಾಲು ಕರಗುತ್ತ ಹೋದಂತೆ ಕಾಶಿರಾಯನ ಮುಂಬಡ್ತಿಯೂ ಕರಗುತ್ತ ಹೋಯಿತು. ಮೂವತ್ತನೆಯವಳು ಇಳಿದಾಗ ಮಾತ್ರ ಮಾಳಿಂಗ ಹಗ್ಗ ಬಿಟ್ಟು ನೆಲಕ್ಕೆ ಒರಗಿದ. ಅವನ ಕೈಗಳು ಅವನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಉಳಿದದ್ದು ಒಬ್ಬರೇ. ಅವರು ಕಾಶಿರಾಯನ ಅತ್ತೆ ಬಂಡಮ್ಮ.

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾಗಿ ಒಂಬತ್ತು ವರ್ಷವಾದರೂ ಬಂಡಮ್ಮ ಅಳಿಯನ ಎದುರು ಸೆರಗು ಸರಿಸಿದವರಲ್ಲ. ಅವನಿಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಿದ್ದರು, ಮಗಳಿಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು. ಅಂಥವರನ್ನು ಅಳಿಯ ಜೋಕಾಲಿಯಲ್ಲಿ ತೂಗುವುದೆಂದರೆ! ಸುದ್ದಿ ಕೇಳಿದ ಕೂಡಲೇ ಬಂಡಮ್ಮ ಅಡುಗೆಮನೆ ಹೊಕ್ಕು ಅಗಳಿ ಹಾಕಿಕೊಂಡರು.

“ಅಳಿಯನ ಕೈಲೆ ತೂಗಿಸ್ಕೊಂಡ್ಳು ಅಂದ್ರ ನಾಳಿ ಮಂದಿ ಏನಂದಾರು? ನಿನ್ನ ಗಂಡಗ ಹೇಳು, ನಾ ಬರಂಗಿಲ್ಲ ಅಂತ,” ಎಂದು ಒಳಗಿನಿಂದಲೇ ಮಗಳಿಗೆ ಹೇಳಿದರು.

ರಾಜೇಶ್ರೀ ಬಾಗಿಲ ಹೊರಗೆ ನಿಂತು ಗಂಡನ ಹನ್ನೊಂದು ವರ್ಷದ ನೌಕರಿಯ ಕತೆಯನ್ನೆಲ್ಲ ಅಳುತ್ತ ಹೇಳಿದಳು. ಬಂಡಮ್ಮನ ಮನಸ್ಸು ಕರಗಿತು, ಆದರೆ ಕಾಲು ಹೊರಗೆ ಬರಲಿಲ್ಲ. ಎಮ್ಮೆಯ ಹಾಲು ಕರೆಯಬೇಕೆಂದರು, ಹಿತ್ತಿಲ ಬಾಗಿಲಿನಿಂದ ಹೋಗಿ ಕರೆದರು. ಹಾಲು ಕಾಯಿಸಬೇಕೆಂದರು, ಕಾಯಿಸಿದರು. ಹಳೇ ಸೀರೆಯಲ್ಲಿ ಸರಕಾರದವರ ಎದುರು ಕೂರುವುದು ಹೇಗೆಂದು ಪೆಟ್ಟಿಗೆ ತೆಗೆದು ಇಳಕಲ್ ಸೀರೆ ಉಟ್ಟರು. ಹೊರಗೆ ಕಾಶಿರಾಯ ಬಿಸಿ ಹಂಚಿನ ಮೇಲೆ ನಿಂತವನಂತೆ ಕುಣಿಯುತ್ತಿದ್ದ. ಕಡೆಗೆ ಅಣವೀರಪ್ಪ ಮುತ್ಯಾನೇ ಬಗೆಹರಿಸಿದರು. ಜೋಕಾಲಿಯಲ್ಲಿ ಅತ್ತೆ ಮುಂದೆ ನೋಡುತ್ತಾರೆ, ಅಳಿಯ ಹಿಂದೆ ನಿಲ್ಲುತ್ತಾನೆ, ಮುಖಕ್ಕೆ ಮುಖ ಕಾಣುವುದಿಲ್ಲ, ಕೈ ತಾಗಿಸದೆ ಮಣೆ ಹಿಡಿದು ತೂಗಿದರೆ ಮರ್ಯಾದೆಗೆ ಕುಂದಿಲ್ಲ ಎಂದರು. ಓಣಿ ಹೌದೆಂದಿತು. ಬಂಡಮ್ಮ ಸೆರಗನ್ನು ಗದ್ದದ ತನಕ ಇಳಿಸಿಕೊಂಡು ಬಂದು ಕುಳಿತರು. ಬೇವಿನಕೊಂಬೆ ಒಮ್ಮೆ ದೀರ್ಘವಾಗಿ ನರಳಿತು; ಆ ಮನೆಯ ಜೋಳದ ರೊಟ್ಟಿ, ಹಾಲು, ಬೆಣ್ಣೆ ಬಂಡಮ್ಮನವರಲ್ಲಿ ವ್ಯರ್ಥವಾಗಿರಲಿಲ್ಲ.

ಮೊದಲ ಹತ್ತು ತೂಗಿಗೆ ಕಾಶಿರಾಯನ ಕಣ್ಣು ಕತ್ತಲೆಗಟ್ಟಿತು. ಇಪ್ಪತ್ತಕ್ಕೆ ಕೆಂಪು ಅಂಗಿ ಬೆನ್ನಿನಲ್ಲಿ ಎರಡಾಯಿತು. ಮೂವತ್ತೇಳೋ ಮೂವತ್ತೆಂಟೋ ಎಂದು ಹೆಂಗಸರಲ್ಲಿ ಜಗಳವಾಗಿ, ಅನುಮಾನ ಬೇಡವೆಂದು ಮತ್ತೆ ಮೂವತ್ತರಿಂದ ಎಣಿಸಿದರು. ಅಷ್ಟರಲ್ಲಿ ಬಂಡಮ್ಮನಿಗೆ ಭಯ ಹೋಗಿ ಹುಮ್ಮಸ್ಸು ಬಂದಿತ್ತು. ಗಿಡದ ತುದಿ ಮುಟ್ಟುವ ಹಾಗೆ ತೂಗಲು ಹೇಳು ಎಂದು ಮಗಳಿಗೆ ಆಜ್ಞೆ ಮಾಡುತ್ತ, ಚಿಕ್ಕ ಹುಡುಗಿಯಂತೆ ಕಾಲು ಚಾಚಿ ನಗತೊಡಗಿದರು. ಕಾಶಿರಾಯ ಹಲ್ಲು ಕಚ್ಚಿ ತೂಗಿದ. ನಲವತ್ತೆಂಟು, ನಲವತ್ತೊಂಬತ್ತು, ಐವತ್ತು ಎಂದು ಓಣಿ ಕೂಗಿದಾಗ ಅವನು ನಿಂತಲ್ಲೇ ಕುಸಿದು ಕುಳಿತ. ಮೈಯೆಲ್ಲ ಬೆವರು, ಅಂಗೈಯಲ್ಲಿ ಬೊಬ್ಬೆ, ಎದೆ ತಿದಿಯಂತೆ ಏರಿಳಿಯುತ್ತಿತ್ತು. ಆದರೂ ಅವನ ಮುಖದಲ್ಲಿ ನಗೆಯಿತ್ತು. ಇಷ್ಟು ಪುರಾವೆ ಇನ್ಯಾವ ಕ್ರೀಡಾಪಟು ಕೊಟ್ಟಾನೆಂದು ಅವನಿಗೆ ಹೆಮ್ಮೆಯಾಯಿತು.

ದೌಲಪ್ಪ ಹತ್ತಿರ ಬಂದರು. ಹೆಗಲಲ್ಲಿ ಬಾಳೆಹಣ್ಣಿನ ಚೀಲ ತುಂಬಿ ತೂಗುತ್ತಿತ್ತು. ಕಾಶಿರಾಯನ ಬೆನ್ನು ತಟ್ಟಿದರು.

“ಬರೋಬ್ಬರಿ ತೂಗಿದಿ ನೋಡಪ್ಪ. ಒಂದೂ ಕಮ್ಮಿ ಇಲ್ಲ, ಖರೇ ಹೇಳ್ತೇನಿ. ಆದ್ರ ನೀ ಶುರು ಮಾಡೂದ್ರಾಗ ಐದು ನಲವತ್ತು ಆಗಿತ್ತು. ಕಚೇರಿ ಮುಗಿಯೂದು ಐದೂವರಿಗಿ.”

“ಅದಕ್ಕೇನಾತ್ರೀ ಸಾಹೇಬ್ರ?” ಕಾಶಿರಾಯನ ಧ್ವನಿ ಸಣ್ಣದಾಯಿತು.

“ಕಚೇರಿ ಟೈಮಿನ್ಯಾಗ ಬೆವರು ಸುರಿಸಿದ್ರ ಅದು ಕ್ರೀಡಾ, ರಜಾ ಕೊಡ್ಬಹುದು. ಐದೂವರಿ ಆದ ಮ್ಯಾಲ ಮನಷ್ಯಾ ಏನ್ ಮಾಡಿದ್ರೂ ಅದು ಆಟನೇ.”

ಇಷ್ಟು ಹೇಳಿ ಅವರು ಕಲಬುರಗಿಯ ಬಸ್ಸು ಹಿಡಿಯಲು ನಡೆದರು. ಮಾಳಿಂಗ ಮಂಜೂರಾದ ರಜೆಯ ಚೀಟಿಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ. ಕಾಶಿರಾಯ ಮಣ್ಣಿನಲ್ಲಿ ಕುಳಿತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಜೋಕಾಲಿಯಿಂದ ಇನ್ನೂ ಇಳಿಯದ ಬಂಡಮ್ಮ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಮಗಳಿಗೂ ಅಲ್ಲ, ಗೋಡೆಗೂ ಅಲ್ಲ, ನೇರ ಅಳಿಯನಿಗೇ ಮಾತಾಡಿದರು.

“ಕಾಶಿರಾಯಪ್ಪ, ಹೆಂಗೂ ಆಟನೇ ಅಂದ್ರಲ್ಲ, ಇನ್ನೊಂದು ಐವತ್ತು ತೂಗಿಬಿಡು.”

ಕಾಶಿರಾಯ ಎದ್ದು ಹೋಗಿ ಮಣೆ ಹಿಡಿದ.